ಲಾಯರಮ್ಮನ ಶನಿವಾರದ ಕ್ಲಾಸು

ಲಾಯರಮ್ಮ ಯಾವ ಕೋರ್ಟಿನ ಮೆಟ್ಟಿಲನ್ನೂ ಹತ್ತಿದವಳಲ್ಲ. ಸ್ಕೂಲ್ ಯೂನಿಫಾರಂ ಹೊಲಿಯುವ ಅಂಗಡಿಯಲ್ಲಿ ಕಾಲರ್ ಕೂರಿಸುವುದು ಅವಳ ಕೆಲಸ. ಹೆಂಗಸರ ಕಕ್ಕಸಿಗೆ ಬಾಗಿಲಿಲ್ಲವೆಂದು ಮಾಲೀಕನ ಜೊತೆ ಜಗಳಕ್ಕೆ ನಿಂತು, ಕೊನೆಗೂ ಬಾಗಿಲು ಹಾಕಿಸಿದ ದಿನ ಈ ಹೆಸರು ಅಂಟಿಕೊಂಡಿತು. ಮಾಲೀಕ ಕುಹಕಕ್ಕೆ ಕರೆದ, ಇವಳು ಬಿರುದೆಂದೇ ಇಟ್ಟುಕೊಂಡಳು. ಬಾಯಿ ಅಂದರೆ ಬಾಯಿ! ಎದುರಿಗಿದ್ದವರು ಒಂದು ಆಡಿದರೆ ಇವಳದು ಹತ್ತು. ಅಂಥವಳ ನಾಲಗೆಯೂ ಒಂದು ಶನಿವಾರ ಒಣಗಿಹೋಯಿತು.

ಆ ಬಾಯಿಗೇ ಫೆಲೋಶಿಪ್ ಕೂಡ ಸಿಕ್ಕಿದ್ದು. ಮಾನವ ಹಕ್ಕು, ಹೆಣ್ಣಿಗೆ ನ್ಯಾಯ ಎಂದು ಓಡಾಡುವ ಹುಡುಗ ಹುಡುಗಿಯರನ್ನು ಒಂದು ಸಂಸ್ಥೆಯವರು ಎಲ್ಲೆಲ್ಲಿಂದಲೋ ಆರಿಸಿ ಫೋನಿನಲ್ಲೇ ನಾಯಕತ್ವದ ಪಾಠ ಮಾಡುತ್ತಿದ್ದರು. ಯಾರೂ ಯಾರನ್ನೂ ಮುಖಾಮುಖಿ ಕಂಡವರಲ್ಲ. ಶನಿವಾರ ಊಟ ಮುಗಿಸಿ, ಹೊಲಿಗೆ ಮೆಷಿನ್ನಿಗೆ ಫೋನ್ ಒರಗಿಸಿ ಕೂತರೆ ಪರದೆ ತುಂಬ ಪುಟ್ಟ ಪುಟ್ಟ ಮುಖಗಳು.

"ನಾಯಕಿಯಂತೆ ನಾಯಕಿ! ಕಸ ಗುಡಿಸು ಅಂದ್ರೆ ಮಾತ್ರ ಇವಳಿಗೆ ನೆಟ್‌ವರ್ಕ್ ಸಿಗಲ್ಲ" ಎಂದು ಅಮ್ಮ ಗೊಣಗುತ್ತಿದ್ದಳು. ಹೊರಗೆ ಹೋದರೆ ಅದೇ ಅಮ್ಮ ಮಗಳ ಫೆಲೋಶಿಪ್ಪನ್ನು ಬೀದಿಗೆಲ್ಲ ಸಾರಿ ಬರುತ್ತಿದ್ದಳು.

ಕ್ಲಾಸು ನಡೆಸುವ ಮೇಡಂ ಒಂದು ವಿಷಯದಲ್ಲಿ ಬಲು ಕಟ್ಟುನಿಟ್ಟು. ಯಾರೂ ತಮ್ಮ ಊರು, ಬೀದಿ ಹೇಳಕೂಡದು. ಮನೆಯ ಒಳಭಾಗ ಕಾಣಿಸಕೂಡದು. ಬೆನ್ನ ಹಿಂದೆ ಒಂದು ಬಟ್ಟೆ ಕಟ್ಟಿಕೊಳ್ಳಬೇಕು. "ಇಂಥ ಕೆಲಸ ಮಾಡೋರಿಗೆ ಆಗದವರು ಜಾಸ್ತಿ ಕಣ್ರೋ, ಹುಷಾರು" ಎನ್ನುತ್ತಿದ್ದರು.

ಲಾಯರಮ್ಮನ ಮನೆಯಲ್ಲಂತೂ ಹುಷಾರಾಗಿರಲು ಕಾರಣವೇ ಇತ್ತು. ಅವಳ ಚಿಕ್ಕಮ್ಮನ ಮಗಳು ಗಂಡನ ಮನೆ ಬಿಟ್ಟು, ಎಡಗೈಗೆ ಪ್ಲಾಸ್ಟರ್ ಹಾಕಿಸಿಕೊಂಡು, ಒಂದು ಗಂಟು ಹೊತ್ತು ಬಂದು ಇಲ್ಲಿ ಅಡಗಿದ್ದಳು. ಗಂಡ ಟೆಂಪೋ ಓಡಿಸುವವನು, ದನಿ ಎತ್ತಿ ಮಾತಾಡಿದವನೇ ಅಲ್ಲ. ನಗುತ್ತಲೇ ಬಾಗಿಲು ಹಾಕಿ, ನಗುತ್ತಲೇ ಹೊಡೆಯುತ್ತಿದ್ದ. ಹಿಂದೊಮ್ಮೆ ಸ್ಟೇಷನ್ನಿಗೆ ಹೋದಾಗ ಅಲ್ಲಿಯವರು ಬುದ್ಧಿ ಹೇಳಿ ಇಬ್ಬರನ್ನೂ ಜೊತೆಗೆ ಕಳಿಸಿದ್ದರು. ಕೈ ಮುರಿದದ್ದು ಆ ವಾರವೇ. ಆಮೇಲೆ ಅವಳಿಗೆ ಸ್ಟೇಷನ್ ಎಂದರೆ ನಡುಕ.

ಅವನು ಹುಡುಕಿಕೊಂಡು ಇಲ್ಲಿಗೂ ಬಂದಿದ್ದ. ದೇವರಾಣೆ ಬಂದಿಲ್ಲಪ್ಪ ಎಂದು ಅಮ್ಮ ಸುಳ್ಳಾಣೆ ಹಾಕಿದ್ದಳು. ನೀರು ಕುಡಿದು, "ಬಂದ್ರೆ ಹೇಳಿ ಅತ್ತೆ, ಮನೆ ಬಿಕೋ ಅಂತಿದೆ" ಎಂದು ಹೋಗಿದ್ದ. ಒಳಕೋಣೆಯಲ್ಲಿ ಬಾಯಿಗೆ ಸೆರಗು ತುರುಕಿಕೊಂಡು ಕೂತಿದ್ದ ತಂಗಿಯ ತಲೆ ಸವರಿ ಲಾಯರಮ್ಮ ಹೇಳಿದ್ದಳು: "ನಾನಿರೋವರೆಗೂ ನಿನ್ನ ಕೂದಲು ಕೊಂಕೋಕೆ ಬಿಡಲ್ಲ ಕಣೇ."

ಎಡವಟ್ಟಾದದ್ದು ಆ ಬೆನ್ನ ಹಿಂದಿನ ಬಟ್ಟೆಯಿಂದ. ಒಳಕೋಣೆಯ ಬಾಗಿಲಿಗೆ ತನ್ನ ಹಳೇ ಸೀರೆ ಕಟ್ಟಿದರೆ ಕಿಟಕಿಯ ಬೆಳಕಿಗೆ ಒಳಗಿನ ನೆರಳೆಲ್ಲ ಕಾಣುತ್ತಿತ್ತು. ದಪ್ಪನೆಯದು ಬೇಕಿತ್ತು. ತಂಗಿ ಗಂಟು ಕಟ್ಟಿ ತಂದಿದ್ದ ಬೆಡ್‌ಶೀಟು ಕೈಗೆ ಸಿಕ್ಕಿತು. ಬಣ್ಣಬಣ್ಣದ ತುಂಡುಬಟ್ಟೆ ಜೋಡಿಸಿ ತಂಗಿಯೇ ಮದುವೆಯಾದ ಹೊಸದರಲ್ಲಿ ಹೊಲಿದದ್ದು. ಅದನ್ನೇ ಕಟ್ಟಿದಳು. ಅಯ್ಯೋ, ಹೊಲಿಗೆ ನೋಡಿ ಇದು ಇಂಥವರ ಕೈಯದು ಎನ್ನುವವಳಿಗೆ ಆ ಗಳಿಗೆಯಲ್ಲಿ ತೂಕಡಿಕೆ ಬಂದಿತ್ತೇ? ತಂಗಿಯನ್ನು ಮುಚ್ಚುವ ಭರದಲ್ಲಿ ಬಟ್ಟೆ ಯಾರದ್ದೆಂದು ಹೊಳೆಯಲೇ ಇಲ್ಲ.

ಆ ಕ್ಲಾಸಿನ ಕೊನೆಗೆ ಎಲ್ಲರೂ ಕೈ ಎತ್ತಿದ ಫೋಟೋವನ್ನು ಮೇಡಂ ತಮ್ಮ ಸಂಸ್ಥೆಯ ಪುಟದಲ್ಲಿ ಹಾಕಿದರು. ಮುಂದಿನ ಶನಿವಾರ ಬೆಳಿಗ್ಗೆ ಅದು ಅಮ್ಮನ ಕಣ್ಣಿಗೆ ಬಿತ್ತು. ಮಗಳ ಮುಖ ದೊಡ್ಡದು ಮಾಡಿ, "ನಮ್ಮ ಹುಡುಗಿ ನೋಡಿ" ಎಂದು ನೆಂಟರ ವಾಟ್ಸಾಪ್ ಗುಂಪಿಗೆ ಕಳಿಸಿದಳು. ಆ ಗುಂಪಿನಲ್ಲಿ ಟೆಂಪೋದವನೂ ಇದ್ದಾನೆಂಬುದು ಅವಳ ತಲೆಗೆ ಹೋಗಲಿಲ್ಲ.

ಅಂದು ಮಧ್ಯಾಹ್ನ ಕ್ಲಾಸು ಅರ್ಧಕ್ಕೆ ಬಂದಿತ್ತು. ಫೋನಿನ ಮೇಲ್ತುದಿಯಲ್ಲಿ ಒಂದು ಸಾಲು ಮೂಡಿತು. "ಬೆಡ್‌ಶೀಟ್ ಚೆನ್ನಾಗಿದೆ ಅತ್ತಿಗೆ."

ಲಾಯರಮ್ಮ ತಿರುಗಿ ಬಟ್ಟೆ ನೋಡಿದಳು. ಕೆಳಗೆ ಟೆಂಪೋ ನಿಂತ ಸದ್ದಾಯಿತು. ಹಿಂಬಾಗಿಲಿಲ್ಲದ ಮಹಡಿ ಮನೆ, ಇಳಿಯಲು ಇದ್ದದ್ದು ಒಂದೇ ಮೆಟ್ಟಿಲಸಾಲು, ಅದರ ಮೇಲೆ ಅವನು. ಚಿಲಕ ಹಾಕಲು ಎದ್ದಳಾದರೂ ಅಷ್ಟರಲ್ಲಿ ಅವನು ಚಪ್ಪಲಿ ಬಿಟ್ಟು ಒಳಗೆ ಬಂದಾಗಿತ್ತು.

"ಕ್ಲಾಸಾ ಅತ್ತಿಗೆ? ಮುಗಿಸ್ಕೊಳ್ಳಿ, ಮುಗಿಸ್ಕೊಳ್ಳಿ. ನಂಗೇನೂ ಅವಸರ ಇಲ್ಲ." ಪರದೆಗೆ ಬಗ್ಗಿ ಕೈ ಮುಗಿದ. "ಎಲ್ಲರಿಗೂ ನಮಸ್ಕಾರ."

"ಓಹೋ, ನಮಸ್ಕಾರ! ಮನೆಯವರ ಬೆಂಬಲ ಇದ್ರೆ ಎಷ್ಟು ಚೆಂದ ನೋಡಿ" ಎಂದರು ಮೇಡಂ. ಮುಖಗಳೆಲ್ಲ ನಕ್ಕವು.

ಲಾಯರಮ್ಮನಿಗೆ ಮಾತು ಹೊರಡಲಿಲ್ಲ. ಅವನು ಕುರ್ಚಿ ಎಳೆದುಕೊಂಡು ಬಾಗಿಲಿಗೆ ಅಡ್ಡವಾಗಿ ಕೂತ. ಅಮ್ಮ ಗೋಡೆಗೆ ಒತ್ತಿಕೊಂಡು ನಿಂತಳು.

"ಮೇಡಂ..." ಕೊನೆಗೂ ದನಿ ಬಂತು. "ಮೇಡಂ, ಕ್ಲಾಸು ಮುಗಿಸಬೇಡಿ. ಈತ ನನ್ನ ತಂಗಿ ಕೈ ಮುರಿದೋನು. ಕರ್ಕೊಂಡು ಹೋಗೋಕೆ ಬಂದಿದಾನೆ."

ನಗು ನಿಂತಿತು. "ಪೊಲೀಸಿಗೆ ಫೋನ್ ಮಾಡ್ತೀವಿ ಅಕ್ಕಾ, ಯಾವ ಊರು ನಿಮ್ದು?" ಎಂದು ಯಾವುದೋ ಮೂಲೆಯಿಂದ ಒಬ್ಬ ಹುಡುಗ ಕೂಗಿದ. ಇಷ್ಟು ದಿನ ಜೊತೆಗೆ ಕೂತವರಲ್ಲಿ ಯಾರಿಗೂ ಅವಳ ಊರು ಗೊತ್ತಿರಲಿಲ್ಲ. ಲಾಯರಮ್ಮ ಊರು, ಬೀದಿ, ಮನೆ ನಂಬರು ಒಂದೇ ಉಸಿರಿಗೆ ಹೇಳತೊಡಗಿದಳು.

ಅವನು ಎದ್ದು ಫೋನಿಗೆ ಕೈ ಚಾಚಿದ. "ಸಂಸಾರದ ವಿಷಯ ಬೀದಿಗೆ ಯಾಕೆ ಅತ್ತಿಗೆ?"

ಆಗ ಬೆಡ್‌ಶೀಟು ಸರಿಯಿತು. ತಂಗಿ ಹೊರಗೆ ಬಂದು ಅವನ ಕೈಗಿಂತ ಮೊದಲು ಫೋನ್ ಎತ್ತಿಕೊಂಡಳು. ಪ್ಲಾಸ್ಟರ್ ಹಾಕಿದ ಕೈಯನ್ನು ಮೊದಲು ತೋರಿಸಿದಳು. ಆಮೇಲೆ ತನ್ನ ಹೆಸರು ಹೇಳಿದಳು. ಅವನ ಹೆಸರು, ಟೆಂಪೋದ ನಂಬರು ಹೇಳಿದಳು. ಅಕ್ಕನ ಎದುರಿಗೂ ಇಷ್ಟು ದನಿ ಎತ್ತಿದವಳಲ್ಲ.

"ಎಲ್ಲರೂ ನನ್ನ ಮುಖ ನೋಡ್ಕೊಳ್ಳಿ. ಮುಂದಿನ ಶನಿವಾರ ನಾನೂ ಇಲ್ಲಿ ಅಕ್ಕನ ಪಕ್ಕ ಕೂತ್ಕೋತೀನಿ. ಕೂತಿಲ್ಲ ಅಂದ್ರೆ, ಇವ್ರನ್ನ ಕೇಳಿ."

ಅವನು ಪರದೆಯಲ್ಲಿನ ಕಣ್ಣುಗಳನ್ನು ಒಂದೊಂದಾಗಿ ನೋಡಿದ. ಹಾಗೇ ನಗುತ್ತ, "ಆಯ್ತು ಬಿಡು, ಶನಿವಾರ ಬರ್ತೀನಿ" ಎಂದು ಚಪ್ಪಲಿ ಮೆಟ್ಟಿಕೊಂಡು ಇಳಿದುಹೋದ.

ಲಾಯರಮ್ಮ ಚಿಲಕ ಹಾಕಿ ತಂಗಿಯನ್ನು ಬಾಚಿ ತಬ್ಬಿಕೊಂಡಳು. ಹೆಮ್ಮೆಗೋ ಹೆದರಿಕೆಗೋ ಅಳು ಉಕ್ಕಿ ಬಂತು. ಆಮೇಲೆ ಮೂವರೂ ಬಾಗಿಲಿಗೆ ಕಿವಿಗೊಟ್ಟು ನಿಂತರು, ಟೆಂಪೋ ಹೊರಡುವ ಸದ್ದಿಗಾಗಿ. ಫೋನಿನೊಳಗಿನವರೂ ಸುಮ್ಮನೆ ಕಾದರು.

ಸದ್ದು ಬರಲಿಲ್ಲ.