ಯಂತ್ರಕ್ಕೆ ಚಳಿಯಾಗದಿರಲೆಂದು ಕಟ್ಟಿಸಿದ ಕೋಣೆ

ವಸತಿ ಸಂಘದ ಕೊಳದಲ್ಲಿ ಈಜು ಕಲಿಸುವವಳನ್ನು ಎಲ್ಲರೂ ಮೀನಕ್ಕ ಎನ್ನುತ್ತಿದ್ದರು. ಆದರೆ ಮೀನಿನ ಹಾಗೆ ಬಾಯಿ ತೆರೆದು ಸುಮ್ಮನಿರುವ ಜಾತಿಯಲ್ಲ ಅವಳು. ಸಂಜೆ ಮಕ್ಕಳ ಗಲಾಟೆ. ಬೆಳಿಗ್ಗೆ ಮಂಡಿ ಹಿಡಿದವರು, ಸೊಂಟ ಕೈಕೊಟ್ಟವರು, ಜೊತೆಗೆ ಅವಳ ಸ್ವಂತ ಅಣ್ಣ. ಅಣ್ಣ ದರ್ಜಿ. ಪಾರ್ಶ್ವವಾಯು ಹೊಡೆದ ಮೇಲೆ ಅವನ ಬಲಗೈ ಕತ್ತರಿ ಹಿಡಿಯುವುದನ್ನೇ ಮರೆತಿತ್ತು. ಬೆಚ್ಚನೆಯ ನೀರಿನಲ್ಲಿ ತಂಗಿ ಅಂಗೈ ಆನಿಸಿ ಎತ್ತಿಸಿ ಎತ್ತಿಸಿ, ಆ ತೋಳು ಈಗೀಗ ಭುಜದ ಮಟ್ಟ ಕಾಣುತ್ತಿತ್ತು. ನೀರು ತಣ್ಣಗಿದ್ದರೆ ಮಾತ್ರ ಮತ್ತೆ ಕೊರಡಾಗಿಬಿಡುತ್ತಿತ್ತು.

ಆ ವರ್ಷ ಚಳಿಗಾಲದ ಹೊಸ್ತಿಲಲ್ಲಿ ಸಂಘದ ಅಧ್ಯಕ್ಷರಿಗೆ ಕರುಣೆ ಉಕ್ಕಿತು, ಅದೂ ಯಂತ್ರದ ಮೇಲೆ. ಕೊಳದ ನೀರು ಕಾಯಿಸುವ ಹೀಟ್ ಪಂಪ್ ಬಯಲಿನಲ್ಲಿ ನಿಂತಿತ್ತು. ಬಿಸಿ ಕೊಡುವುದೇ ಚಳಿಯಲ್ಲಿ ನಡುಗಿದರೆ ಹೇಗೆ ಎಂದು ಅದರ ಸುತ್ತ ಇಟ್ಟಿಗೆಯ ಕೋಣೆ ಕಟ್ಟಿಸಿ, ಮೇಲೆ ತಗಡು ಹೊದಿಸಿ, ಬಿಸಿ ಸೋರದಂತೆ ಬಾಗಿಲಿನ ಸಂದಿಗೆಲ್ಲ ರಬ್ಬರ್ ಪಟ್ಟಿ ಬಡಿಸಿದರು. ಬಾಗಿಲಿನ ಮೇಲೆ ತಮ್ಮ ಮಾವನವರ ಹೆಸರಿನ ಕಲ್ಲು.

ಅಂದಿನಿಂದ ಯಂತ್ರ ಗುಂಯ್ ಎನ್ನುತ್ತಲೇ ಇತ್ತು, ನೀರು ತಣ್ಣಗಾಗುತ್ತಲೇ ಇತ್ತು. ಅಧ್ಯಕ್ಷರು ಕೊಳಕ್ಕೆ ಬೆರಳೂ ಅದ್ದದೆ ತೀರ್ಪು ಕೊಟ್ಟರು: ಯಂತ್ರ ದಂಡ, ಬೇಸಿಗೆಯವರೆಗೆ ಬೆಳಗಿನ ತರಗತಿ ಬಂದ್.

ಮೀನಕ್ಕನ ಪಿತ್ತ ನೆತ್ತಿಗೇರಿತು. ಮೊದಲು ಕೈಗೆ ಸಿಕ್ಕವನು ಪಂಪ್ ಕೂರಿಸಿದ ಮೆಕ್ಯಾನಿಕ್. ಆ ಚಳಿಯಲ್ಲೂ ಫೋನಿನಲ್ಲೇ ಅವನ ಬೆವರಿಳಿಸಿದಳು. ಕೋಣೆಯ ಬಾಗಿಲು ತೆಗೆದರೆ ಮಂಜಿನಂಥ ಗಾಳಿ ಮುಖಕ್ಕೆ ಹೊಡೆಯುತ್ತದೆ, ಹೀಟರ್ ಎಂದು ಹೇಳಿ ಕೂಲರ್ ಗಂಟುಹಾಕಿದೆಯಾ ಎಂದು ಕೇಳಿದಳು. ಬಡಪಾಯಿ ಓಡಿ ಬಂದ. ಕೋಣೆ ಕಂಡು ತಲೆಯ ಮೇಲೆ ಕೈಹೊತ್ತು ನಿಂತ.

"ಅಕ್ಕ, ಇದು ಒಲೆ ಅಲ್ಲ," ಎಂದ. "ಇದು ಬಿಸಿ ಹುಟ್ಟಿಸಲ್ಲ, ಹೊತ್ತು ತರುತ್ತೆ."

ಆಮೇಲೆ ನಿಧಾನವಾಗಿ ಬಿಡಿಸಿ ಹೇಳಿದ. ಎಷ್ಟೇ ಚಳಿಯಿದ್ದರೂ ಹೊರಗಿನ ಗಾಳಿಯಲ್ಲಿ ಒಂದಿಷ್ಟು ಬಿಸಿ ಇದ್ದೇ ಇರುತ್ತದೆ. ಫ್ಯಾನು ಆ ಗಾಳಿಯನ್ನು ಎಳೆದುಕೊಳ್ಳುತ್ತದೆ, ಕೊಳವೆಯೊಳಗಿನ ಗ್ಯಾಸು ಅದರ ಬಿಸಿ ಹೀರುತ್ತದೆ, ಕಂಪ್ರೆಸರ್ ಆ ಗ್ಯಾಸನ್ನು ಅದುಮಿ ಇನ್ನಷ್ಟು ಬಿಸಿಯೇರಿಸಿ ಕೊಳದ ನೀರಿಗೆ ದಾಟಿಸುತ್ತದೆ. ಕರೆಂಟು ಖರ್ಚಾಗುವುದು ಈ ಹೊರೆ ಹೊರಲು ಮಾತ್ರ. ಅದಕ್ಕೇ ಒಂದು ಪಾಲು ಕರೆಂಟಿಗೆ ಮೂರ್ನಾಲ್ಕು ಪಾಲು ಬಿಸಿ. ಬಿಸಿ ಕಳಕೊಂಡ ಗಾಳಿ ತಣ್ಣಗೆ ಹೊರಬೀಳಬೇಕು, ಹೊಸ ಗಾಳಿ ಒಳಬರಬೇಕು. ಮುಚ್ಚಿದ ಕೋಣೆಯಲ್ಲಿ ಯಂತ್ರ ಅದೇ ಗಾಳಿಯನ್ನು ಮತ್ತೆ ಮತ್ತೆ ಹಿಂಡುತ್ತಿದೆ.

"ಒಂದೇ ಮನೆಗೆ ದಿನಾ ಕನ್ನ ಹಾಕಿದ್ರೆ ಕಳ್ಳನಿಗೆ ಏನು ಸಿಗುತ್ತೆ ಹೇಳಿ?"

ಮೀನಕ್ಕ ಅವನಿಗೆ ಬೈದದ್ದನ್ನೆಲ್ಲ ವಾಪಸು ತೆಗೆದುಕೊಂಡು, ಹಾಗೇ ಬಿಸಿ ಆರದಂತೆ ಅಧ್ಯಕ್ಷರ ಮನೆಗೆ ಹೊತ್ತೊಯ್ದಳು. ಅವರು ಸೋಫಾದಿಂದ ಏಳಲಿಲ್ಲ. ಕಲ್ಲು ಅನಾವರಣವಾಗಿದೆ, ಫೋಟೋ ತೆಗೆದಾಗಿದೆ, ಇನ್ನು ಕೋಣೆ ಮುಟ್ಟಬೇಕಾದರೆ ಮಹಾಸಭೆ ಒಪ್ಪಬೇಕು, ಮಹಾಸಭೆ ನಡೆಯುವುದು ಬೇಸಿಗೆಯಲ್ಲಿ ಎಂದರು. "ನೋಡಮ್ಮ, ಒಲೆ ಹಚ್ಚಿ ಸೂರು ಕಿತ್ತುಹಾಕೋರನ್ನ ಎಲ್ಲಾದ್ರೂ ಕಂಡಿದ್ದೀಯಾ?"

"ಉಸಿರಾಡೋರ ಮೂಗಿಗೆ ಬಟ್ಟೆ ತುರುಕೋರನ್ನ ಇವತ್ತು ಕಂಡೆ ಸಾರ್."

ಅಣ್ಣನ ತೋಳು ಬೇಸಿಗೆಯ ಸಭೆಗೆ ಕಾಯುವಂತಿರಲಿಲ್ಲ. ಮರುದಿನವೇ ಮೆಕ್ಯಾನಿಕ್ಕನನ್ನು ಕೂಡಿಕೊಂಡು ಬಾಗಿಲು ಕಳಚಿದಳು, ತಗಡು ಇಳಿಸಿದಳು, ಹಿಂದಿನ ಗೋಡೆಗೆ ಕೈಯಾರೆ ಸುತ್ತಿಗೆ ಹಾಕಿ ಆಳುದ್ದದ ಕಿಂಡಿ ಕೊರೆದಳು. ಸಂಘದಿಂದ ಎಚ್ಚರಿಕೆಯ ನೋಟಿಸು ಬಂತು, ಅವಳ ಬಳಿಯಿದ್ದ ಕೊಳದ ಗೇಟಿನ ಕೀಲಿಕೈ ಹೋಯಿತು. ದಿನಾ ಬೆಳಿಗ್ಗೆ ಕಾವಲುಗಾರ ಏಳುವವರೆಗೆ ಗೇಟಿನ ಹೊರಗೆ ನಿಲ್ಲುವುದಾಯಿತು. ಆದರೆ ಕೊಳ ನಿಧಾನವಾಗಿ ಬೆಚ್ಚಗಾಯಿತು. ಬಂದ್ ಆದದ್ದನ್ನು ಯಾರೂ ನೆನಪಿಸಲಿಲ್ಲ, ಮಂಡಿಯವರು ಒಬ್ಬೊಬ್ಬರಾಗಿ ಮರಳಿದರು.

ಒಂದು ಬೆಳಿಗ್ಗೆ ಅಧ್ಯಕ್ಷರು ಮಾವನವರನ್ನು ಕರೆತಂದರು. ದಂಡೆಯಲ್ಲಿ ಬಗ್ಗಿ, ಕೊನೆಗೂ ಒಂದು ಬೆರಳು ಅದ್ದಿದರು.

"ನೋಡಿದ್ರಾ ಮಾವ, ಹೇಗೆ ಕಾದಿದೆ? ನಿಮ್ಮ ಹೆಸರಲ್ಲಿ ಕೋಣೆ ಕಟ್ಟಿಸಿದ್ದು ಸಾರ್ಥಕ ಆಯ್ತು."

ಮೀನಕ್ಕನ ಗಂಟಲಿನಲ್ಲಿ ವಾಕ್ಯ ತಯಾರಾಗಿಯೇ ಇತ್ತು, ಹರಿತವಾದದ್ದು. ಅದನ್ನು ದಂಡೆಗೇರಿ, ಸೊಂಟಕ್ಕೆ ಕೈಯಿಟ್ಟು ಹೇಳಬೇಕಿತ್ತು. ಆದರೆ ಎರಡೂ ಕೈಗಳು ಅಣ್ಣನ ತೋಳಿನ ಕೆಳಗಿದ್ದವು, ಆ ತೋಳು ಅಂದು ಮೊದಲ ಸಲ ಭುಜ ದಾಟಿ ಕಿವಿಯತ್ತ ಏರುತ್ತಿತ್ತು.

"ಬಿಡಬೇಡ ಕಣೇ," ಎಂದ ಅಣ್ಣ.

ಹಲ್ಲು ಕಚ್ಚಿಕೊಂಡು ಹಿಡಿದೇ ನಿಂತಳು.