ಕ್ರೋಯ್ಡನ್ನಿನಲ್ಲಿ ಎರಡು ನಿಮಿಷದ ಗುಲಾಮರ ದಂಗೆ

ರೋಮಿನ ಗುಲಾಮರನ್ನು ದಂಗೆ ಎಬ್ಬಿಸಿದ ನಾಯಕನ ಪಾತ್ರ ನನಗೆ ಸಿಕ್ಕಿದ್ದು ಪ್ರತಿಭೆಯಿಂದಲ್ಲ. ಲಂಡನ್ನಿನ ಕ್ರೋಯ್ಡನ್ನಿನಲ್ಲಿರುವ ನಮ್ಮ ಕನ್ನಡ ಬಳಗದ ನಾಟಕಕ್ಕೆ, ನವೆಂಬರಿನ ಚಳಿಯಲ್ಲಿ, ಅಂಗಿ ಬಿಚ್ಚಿ ನಿಲ್ಲಲು ಒಪ್ಪಿದವನು ನಾನೊಬ್ಬನೇ. ಅಂಗಿ ಬಿಚ್ಚಿದ ಮೇಲೆ ಬಳಗ ಸ್ವಲ್ಪ ಪಶ್ಚಾತ್ತಾಪ ಪಟ್ಟಿತು. ಮೈಮೇಲೆ ಮಾಂಸಖಂಡಗಳನ್ನು ಕಣ್ಣುಕಪ್ಪಿನಿಂದ ಬರೆಯಬೇಕಾಯಿತು.

ಎದುರಿಗೆ ರೋಮನ್ ದಂಡನಾಯಕನಾಗಿ ನಿಂತವರು ಆಫೀಸಿನಲ್ಲಿ ನನ್ನ ಮ್ಯಾನೇಜರು, ಬೆಂಗಳೂರಿನವರು. ಮೈಸೂರಿನಲ್ಲಿ ನನ್ನ ತಂಗಿಯ ಮದುವೆ. ಎರಡು ವಾರದ ರಜೆ ಕೇಳಿ ತಿಂಗಳಾಗಿತ್ತು. ಅವರದು ಒಂದೇ ಉತ್ತರ, ‘ನೋಡೋಣ.’ ಮದುವೆಗೆ ಹನ್ನೊಂದೇ ದಿನ ಉಳಿದಿತ್ತು. ತಂಗಿ ಫೋನಿನಲ್ಲಿ, “ಹೋಮದಲ್ಲಿ ನನ್ನ ಕೈಗೆ ಅರಳು ಹಾಕೋಕೆ ನೀನು ಬರ್ಲಿಲ್ಲ ಅಂದ್ರೆ ನಾನು ಹಸೆಮಣೆ ಮೇಲೆ ಕೂರೋದೇ ಇಲ್ಲ ಕಣೋ,” ಎಂದಿದ್ದಳು.

ನಾಟಕದಲ್ಲಿ ಪ್ಲಾಸ್ಟಿಕ್ ಸರಪಳಿ ಕಿತ್ತೆಸೆದು, “ಇನ್ನು ನಿನಗೆ ತಲೆಬಾಗಲ್ಲ!” ಎಂದು ಗುಡುಗಿದೆ. ದಂಡನಾಯಕರಿಗೆ ಮುಂದಿನ ಮಾತು ಮರೆತೇಹೋಯಿತು. ಮೀಟಿಂಗಿನ ಅಭ್ಯಾಸಬಲದಿಂದ ಕೈ ಅಲ್ಲಾಡಿಸಿ, “ಮೊದ್ಲು ಕೂತ್ಕೊಳಪ್ಪಾ,” ಎಂದರು.

ನಾನು ಕೂತೆ.

ಹಿಂದಿದ್ದ ಎಂಟು ಗುಲಾಮರೂ ಕೂತರು. ನಿಜಜೀವನದಲ್ಲಿ ಎಲ್ಲರೂ ಆಸ್ಪತ್ರೆಯ ಡಾಕ್ಟರುಗಳು. ಮಾತು ಬಾಯಿಪಾಠ ಮಾಡಲು ಅವರಿಗೆ ಪುರುಸೊತ್ತಿಲ್ಲದ್ದರಿಂದ, ನಾನು ಮಾಡಿದ್ದನ್ನು ಮಾಡಿ ನನ್ನ ಕೊನೆಯ ಮಾತನ್ನೇ ಕೂಗಿದರೆ ಸಾಕು ಎಂದು ಹೇಳಿಕೊಡಲಾಗಿತ್ತು. ನಿಜವಾದ ನಾಯಕ ರೋಮಿನ ಸೈನ್ಯವನ್ನು ವರ್ಷಗಟ್ಟಲೆ ಅಲೆದಾಡಿಸಿದನಂತೆ. ನನ್ನ ದಂಗೆ ಎರಡನೇ ನಿಮಿಷಕ್ಕೆ ಚಕ್ಕಳಮಕ್ಕಳ ಹಾಕಿ ಕೂತಿತ್ತು.

ನಾಟಕ ಕಲಿಸಿದ ಧಾರವಾಡದ ಅಕ್ಕ ಪರದೆಯ ಮರೆಯಿಂದ ಹಲ್ಲು ಕಡಿದರು: “ಏ ತಮ್ಮಾ, ದಂಗೆ ಏಳಾಂವ ಹಿಂಗ ಕುಂತ್ರ ಹೆಂಗೋ! ಏನರೆ ಒದರು!”

ಗಾಬರಿಯಲ್ಲಿ ಬಾಯಿಗೆ ಬಂದಿದ್ದನ್ನು ಒದರಿದೆ: “ತಂಗಿ ಮದ್ವೆಗೆ ರಜೆ ಬೇಕು ಸಾರ್!”

“ರಜೆ ಬೇಕು ಸಾರ್!” ಎಂಟೂ ಡಾಕ್ಟರುಗಳು ಮುಷ್ಟಿ ಎತ್ತಿ ಘರ್ಜಿಸಿದರು. ರಿಹರ್ಸಲಿನಲ್ಲಿ ಒಂದು ದಿನವೂ ಅವರು ಅಷ್ಟು ಮನಸ್ಸಿಟ್ಟು ಕೂಗಿರಲಿಲ್ಲ.

ಸಭಾಂಗಣದ ತುಂಬ ಸಿಳ್ಳೆ. ಮುಂದಿನ ಸಾಲಿನಲ್ಲಿದ್ದ ಮ್ಯಾನೇಜರ ಹೆಂಡತಿ, “ಕೊಡ್ರೀ ಪಾಪ!” ಎಂದು ಕೂಗಿದರು. ಕೆಂಪು ಬೆಡ್‌ಶೀಟು ಸುತ್ತಿಕೊಂಡಿದ್ದ ದಂಡನಾಯಕರು ಆಚೀಚೆ ನೋಡಿದರು. ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ.

“ಆಯ್ತಪ್ಪಾ, ಹೋಗ್ಬಾ. ಲ್ಯಾಪ್‌ಟಾಪ್ ಮಾತ್ರ ಜೊತೆಗಿರ್ಲಿ. ದಿನಾ ಒಂದ್ಸಲ ಕಾಲ್‌ಗೆ ಬಾ.”

ದಂಗೆಯ ನಾಯಕ ಎದ್ದು, ಕೈಕಟ್ಟಿ ನಿಂತು, “ಸರಿ ಸಾರ್,” ಎಂದ.

“ಸರಿ ಸಾರ್!” ಎಂದಿತು ಗುಲಾಮರ ಸೈನ್ಯ.