ಅವರು ಹೋರಿ ಹಿಡಿಯಲು ಹೋಗಿರಲಿಲ್ಲ

ನನ್ನ ತಮ್ಮನಿಗೊಂದು ಹವ್ಯಾಸವಿದೆ. ಅದಕ್ಕೆ ನಾಲ್ಕು ಕಾಲು, ಎರಡು ಕೊಂಬು.

ಬೇರೆಯವರ ತಮ್ಮಂದಿರು ಕ್ರಿಕೆಟ್ ನೋಡುತ್ತಾರೆ, ಇಸ್ಪೀಟು ಆಡುತ್ತಾರೆ, ತೀರಾ ಕೈಮೀರಿದರೆ ರಾಜಕೀಯಕ್ಕೆ ಹೋಗುತ್ತಾರೆ. ನನ್ನ ತಮ್ಮ ಬ್ಯಾಡಗಿಯಲ್ಲಿ ಟೈರ್ ಅಂಗಡಿ ಇಟ್ಟುಕೊಂಡು ಹೋರಿ ಸಾಕುತ್ತಾನೆ. ಹೊಲ ಉಳುವುದಕ್ಕಲ್ಲ, ಗಾಡಿ ಎಳೆಯುವುದಕ್ಕಲ್ಲ. ಓಡಿಸುವುದಕ್ಕೆ.

ದೀಪಾವಳಿ ಮುಗಿಯಿತೆಂದರೆ ನಮ್ಮ ಜಿಲ್ಲೆಯ ಊರೂರಲ್ಲಿ ಹೋರಿ ಬೆದರಿಸುವ ಸ್ಪರ್ಧೆ. ಹೋರಿಯ ಕೊರಳಿಗೆ ಒಣಕೊಬ್ಬರಿಯ ಸರ ಕಟ್ಟಿ, ಕೊಂಬಿಗೆ ಬಲೂನು ಏರಿಸಿ, ಜನರ ನಡುವೆ ಬಿಡುತ್ತಾರೆ. ಹುಡುಗರು ಮೇಲೆ ಬಿದ್ದು ಕೊಬ್ಬರಿ ಹರಿಯಬೇಕು. ಯಾರ ಕೈಗೂ ಸಿಗದೆ ಓಡಿದ ಹೋರಿ ಗೆದ್ದಂತೆ. (ಗೆದ್ದ ಹೋರಿಗೆ ಬೈಕು ಬಹುಮಾನ ಕೊಡುವುದೂ ಉಂಟು. ಅದು ಓಡಿಸುವುದಿಲ್ಲ ಎನ್ನುವುದು ಬೇರೆ ಮಾತು.)

ತಮ್ಮನ ಹೋರಿಗೆ ಸಿನಿಮಾ ಹೀರೋಗಳಿಗೂ ಇಲ್ಲದಂಥ ಒಂದು ಬಿರುದಿದೆ. ಮನೆಯಲ್ಲಿ ಮಾತ್ರ ಗುಂಡ್ಯಾ. ಅದಕ್ಕೆ ಅಭಿಮಾನಿ ಬಳಗವಿದೆ, ವಾಟ್ಸಾಪ್ ಗ್ರೂಪ್ ಇದೆ, ಫೋಟೋ ಹಾಕಿದ ಟೀಶರ್ಟ್ ಇದೆ. ಒಂದು ಟೀಶರ್ಟ್ ರಾಣೆಬೆನ್ನೂರಿನ ನನ್ನ ಮನೆಗೂ ಬಂದಿದೆ. ನಾನು ಪಿಯು ಕಾಲೇಜಿನಲ್ಲಿ ಅಕೌಂಟೆನ್ಸಿ ಕಲಿಸುವವಳು. ಅದನ್ನು ತೊಟ್ಟುಕೊಂಡು ಕ್ಲಾಸಿಗೆ ಹೋಗಲೇನು?

ಇಷ್ಟು ತಮಾಷೆ ಸಾಕು. ಈ ವಾರದ ಅಂಕಣದಲ್ಲಿ ನಗಿಸುವ ಮನಸ್ಸು ನನಗಿಲ್ಲ.

ಅಂಗಡಿ ಮುಚ್ಚಿದ ಮೇಲೆ ಅವನನ್ನು ನೋಡಬೇಕು. ಹುರುಳಿ ಬೇಯಿಸಿ, ಹಿಂಡಿ ನೆನೆಸಿ, ಕೈಯಾರೆ ತಿನ್ನಿಸುತ್ತಾನೆ. ಕೆರೆಗೆ ಇಳಿಸಿ ಈಜಿಸುತ್ತಾನೆ. ಅಪ್ಪ ತೀರಿಕೊಂಡಾಗ ಮಂದಿಯ ಎದುರು ಕಣ್ಣೀರು ಹಾಕದವನು ಗೋದಲಿಯ ಪಕ್ಕ ಕೂತು, ಗುಂಡ್ಯಾನ ಕೊರಳು ತಬ್ಬಿಕೊಂಡು ಅತ್ತದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆದ್ದರಿಂದ ಅವನ ಹವ್ಯಾಸವನ್ನು ಹುಚ್ಚು ಎಂದು ತಳ್ಳಿಹಾಕಲು ನನ್ನಿಂದ ಆಗುವುದಿಲ್ಲ.

ಈ ಸಲ ದೀಪಾವಳಿಗೆ ಮುಂಚೆ ಸ್ಪರ್ಧೆಗೆ ಪರ್ಮಿಶನ್ ಸಿಗುತ್ತದೋ ಇಲ್ಲವೋ ಎಂಬ ಗದ್ದಲ ಎದ್ದಿತು. ಹೋರಿ ಮಾಲೀಕರು, ಊರೂರಿನ ಕಮಿಟಿಯವರು ಮನವಿ ಕೊಡಲು ಹಾವೇರಿಗೆ ಹೋದರು. ಅವತ್ತು ನಾನೂ ಬೇರೆ ಕೆಲಸಕ್ಕೆ ಹಾವೇರಿಯಲ್ಲಿದ್ದೆ. ತಮ್ಮ ಕರೆದನೆಂದು ಅವರ ಜೊತೆ ಚಹಾ ಕುಡಿಯುತ್ತಾ ನಿಂತೆ. ಎಂಥೆಂಥ ಮಾತು!

"ನಮ್ಮ ಅಜ್ಜ ಮುತ್ತ್ಯಾರ ಕಾಲದಿಂದ ನಡಕೊಂಡು ಬಂದೈತ್ರಿ. ಇವ್ರ್ಯಾರು ಬ್ಯಾಡ ಅನ್ನಾಕ?"

"ಸರ್ಕಾರಕ್ಕ ನಮ್ಮ ಮ್ಯಾಲ ನಂಬಿಕಿನಽ ಇಲ್ಲ ನೋಡ್ರಿ. ನಾವೇನ್ ಸಣ್ಣ ಹುಡುಗ್ರೇನು?"

"ಎಸಿ ರೂಮಿನ್ಯಾಗ ಕುಂತು ರೂಲ್ಸ್ ಮಾಡ್ತಾರ. ಹೋರಿ ಮಾರಿನರ ನೋಡ್ಯಾರೇನು?"

ನಾನೂ ತಲೆಯಾಡಿಸಿದೆ. ಸರ್ಕಾರವನ್ನು ಬೈಯುವಾಗ ತಲೆ ತಾನಾಗಿಯೇ ಆಡುತ್ತದೆ. ನಿಮ್ಮದೂ ಆಡುತ್ತದೆ, ಸುಳ್ಳು ಹೇಳಬೇಡಿ. ಅದಕ್ಕೆ ಲೈಸೆನ್ಸ್ ಬೇಕಿಲ್ಲ, ಹುರುಳಿ ಹಿಂಡಿ ಬೇಕಿಲ್ಲ. ಬಡವ ಬಲ್ಲಿದ ಇಬ್ಬರೂ ಇಟ್ಟುಕೊಳ್ಳಬಹುದಾದ ಹವ್ಯಾಸ ನಮ್ಮ ಕಡೆ ಅದೊಂದೇ.

ಪರ್ಮಿಶನ್ ಸಿಕ್ಕಿತು. ಷರತ್ತುಗಳ ಸಮೇತ. ಓಟದ ದಾರಿಯ ಎರಡೂ ಬದಿಗೆ ಜೋಡಿ ಬೇಲಿ ಇರಬೇಕು. ಅಡ್ಡ ಓಣಿಗಳ ಬಾಯಿ ಮುಚ್ಚಬೇಕು. ಅಂಬುಲೆನ್ಸ್ ನಿಂತಿರಬೇಕು. ಕಮಿಟಿಯವರು ಎಲ್ಲದಕ್ಕೂ ಒಪ್ಪಿ ಸಹಿ ಹಾಕಿದರು. ಒಬ್ಬರೂ ಓದಲಿಲ್ಲವಂತೆ. "ಬರೇ ಮಾಮೂಲಿ ಮಾತು ಬಿಡ್ರಿ" ಅಂದರಂತೆ. ಬರೆಸಿಕೊಂಡವರಿಗೂ ಅದು ಗೊತ್ತಿತ್ತು. ಇವರು ಪಾಲಿಸುವವರಂತೆ ಸಹಿ ಹಾಕಿದರು, ಅವರು ನಂಬಿದವರಂತೆ ಸೀಲು ಒತ್ತಿದರು.

ಇದರಲ್ಲಿ ಹೊಸದೇನಿದೆ? ನಾವು ಹೆಲ್ಮೆಟ್ ಹಾಕುವುದು ತಲೆ ಉಳಿಯಲೆಂದಲ್ಲ, ಸರ್ಕಲ್ಲಿನಲ್ಲಿ ಪೊಲೀಸ್ ನಿಂತಿದ್ದಾನೆಂದು. ಬೈಪಾಸ್ ಮುಟ್ಟಿದ ಕೂಡಲೇ ಅದು ಮೊಣಕೈಗೆ ಬರುತ್ತದೆ. ಆಮೇಲೆ ಯಾರಾದರೂ ಬಿದ್ದು ತಲೆ ಒಡೆದುಕೊಂಡರೆ ರಸ್ತೆ ಸರಿಯಿಲ್ಲ ಅನ್ನುತ್ತೇವೆ. (ರಸ್ತೆಯೂ ಸರಿಯಿಲ್ಲ, ಅದು ನಿಜವೇ.)

ಸ್ಪರ್ಧೆ ಇದ್ದದ್ದು ಹಲಗೇರಿ ಆಚೆಯ ಒಂದು ಊರಲ್ಲಿ. ನಾನು ಹೋಗಿರಲಿಲ್ಲ. ತಮ್ಮ ಹೋಗಿದ್ದ, ಗುಂಡ್ಯಾ ಹೋಗಿತ್ತು, ಟೀಶರ್ಟಿನ ಹುಡುಗರು ಟ್ರ್ಯಾಕ್ಟರ್ ತುಂಬ ಹೋಗಿದ್ದರು. ಗುಂಡ್ಯಾ ಓಡಿತು. ಯಾರ ಕೈಗೂ ಸಿಗಲಿಲ್ಲ. ಕೇಕೆ, ಶಿಳ್ಳೆ, ಹಲಗೆಯ ಸದ್ದು. ದಾರಿಯ ಕೊನೆಯಲ್ಲಿ ಒಂದು ಓಣಿ ತೆರೆದೇ ಇತ್ತು. ಬೆದರಿದ ಹೋರಿ ಅದರೊಳಗೆ ನುಗ್ಗಿತು. ಎದುರಿನಿಂದ ಬರುತ್ತಿದ್ದ ಒಬ್ಬರ ಎದೆಗೆ ತಿವಿದು ಮುಂದೆ ಓಡಿತು. ರಾಣೆಬೆನ್ನೂರಿನ ಆಸ್ಪತ್ರೆ ಮುಟ್ಟುವ ಮೊದಲೇ ಅವರ ಜೀವ ಹೋಗಿತ್ತು.

ಮರುದಿನ ಬ್ಯಾಡಗಿಗೆ ಓಡಿದೆ. ತಮ್ಮನ ಅಂಗಡಿಯಲ್ಲಿ, ಹಾವೇರಿಯಲ್ಲಿ ಚಹಾ ಕುಡಿದಿದ್ದ ಅದೇ ಮಂದಿ ಟೈರುಗಳ ಮೇಲೆ ಕುಳಿತಿದ್ದರು.

"ಸರ್ಕಾರ ಪರ್ಮಿಶನ್ ಕೊಟ್ಟದ್ದಽ ತಪ್ಪರಿ," ಒಬ್ಬರು ಅಂದರು.

"ಹೌದಲ್ಲ ಮತ್ತ! ಪೊಲೀಸ್ರು ಏನ್ ಮಾಡಾಕತ್ತಿದ್ರು? ಓಣಿ ತೆರದೈತಿ ಅಂತ ನೋಡಬೇಕಿಲ್ಲೇನು?"

ಅದೇ ಬಾಯಿ. ಬೇಡ ಅಂದರೂ ಸರ್ಕಾರ ಕೆಟ್ಟದ್ದು, ಹೂಂ ಅಂದರೂ ಸರ್ಕಾರ ಕೆಟ್ಟದ್ದು. ಸರ್ಕಾರ ಒಳ್ಳೆಯದೆಂದು ನಾನು ಹೇಳುತ್ತಿಲ್ಲ. ಓಣಿ ತೆರೆದದ್ದನ್ನು ನೋಡಿ ಸುಮ್ಮನೆ ನಿಂತ ಖಾಕಿಯವರೂ ಅಲ್ಲಿದ್ದರು. ಆದರೆ ಓಣಿಯ ಬಾಯಿಗೆ ಎರಡು ಬೊಂಬು ಕಟ್ಟಲು ಬೆಂಗಳೂರಿನಿಂದ ಯಾರಾದರೂ ಬರಬೇಕಿತ್ತೇ?

"ಓಣಿ ಯಾಕ ಮುಚ್ಚಿರಲಿಲ್ಲ?" ಎಂದು ಕೇಳಿದೆ.

"ಮುಚ್ಚಿದ್ರ ಮಂದಿ ಮನಿಗೆ ಹೆಂಗ ಹೋಗಬೇಕ್ರಿ ಅಕ್ಕಾರ?" ಒಬ್ಬರು ನನ್ನನ್ನೇ ಕೇಳಿದರು. ಇನ್ನೊಬ್ಬರು ದನಿ ತಗ್ಗಿಸಿದರು. "ಅವ್ರು ಹೋರಿ ಹಿಡಿಯಾಕ ಅಡ್ಡ ಬಂದ್ರಂತ್ರಿ. ಅಲ್ಲಿಗೆ ಯಾರ ತಪ್ಪೂ ಇಲ್ಲ."

'ಅಂತ' ಎಂದು ಶುರುವಾದ ಮಾತು ಸಂಜೆಯ ಹೊತ್ತಿಗೆ 'ಅಂತ' ಕಳಚಿಕೊಂಡು ಊರೆಲ್ಲ ಓಡಾಡಿತು. ತಮ್ಮ ಮಾತ್ರ ಮೂಲೆಯಲ್ಲಿ ಒಂದು ಟೈರಿಗೆ ಗಾಳಿ ಹಾಕುತ್ತಾ ನಿಂತಿದ್ದ. ಅವನ ಕಣ್ಣು ಕೆಂಪಾಗಿದ್ದವು. ಬ್ಯಾಡಗಿಯಲ್ಲಿ ಅದಕ್ಕೊಂದು ಅನುಕೂಲವಿದೆ, ಮೆಣಸಿನಕಾಯಿ ಘಾಟು ಅಂತ ಹೇಳಿ ಪಾರಾಗಬಹುದು.

ಎಲ್ಲರೂ ಎದ್ದು ಹೋದ ಮೇಲೆ ಅವನು ಹೇಳಿದ.

"ಹಿಡಿಯಾಕ ಬಂದಿರಲಿಲ್ಲಕ್ಕಾ ಅಂವ. ಹೆಗಲ ಮ್ಯಾಲ ಹಿಟ್ಟಿನ ಡಬ್ಬಿ ಇತ್ತು. ಗಿರಣಿಯಿಂದ ಬರಾಕತ್ತಿದ್ದ. ನಾನಽ ನೋಡೇನಿ. ಓಣಿ ತುಂಬ ಹಿಟ್ಟ ಚೆಲ್ಲಿತ್ತು."

"ಪೊಲೀಸ್ರ ಮುಂದ ಏನಂದಿ?"

ಅವನು ಅಂಗಡಿಯ ಶಟರ್ ಎಳೆಯಲು ಎದ್ದ.

"ಏನಂದಿ?"

"ಎಲ್ಲಾರೂ ಏನಂದ್ರೋ ಅದನ್ನಽ ಅಂದೆ."

ಯಾರೋ ಬುದ್ಧಿವಂತರು ಅವರಿಗೆಲ್ಲ ಪಾಠ ಹೇಳಿಕೊಟ್ಟಿದ್ದರು. ಹೋರಿ ಹಿಡಿಯಲು ಇಳಿದವನು ಸತ್ತರೆ ಅದು ಆಟದಲ್ಲಿ ಆದದ್ದು. ದಾರಿಯಲ್ಲಿ ಹೋಗುತ್ತಿದ್ದವನು ಸತ್ತರೆ ಕಮಿಟಿಯ ಮೇಲೆ, ಮಾಲೀಕನ ಮೇಲೆ ಕೇಸು. ಮುಂದಿನ ವರ್ಷ ಪರ್ಮಿಶನ್ ಇಲ್ಲ. ಗುಂಡ್ಯಾ ಇನ್ನು ಅಖಾಡಕ್ಕೆ ಇಳಿಯುವಂತಿಲ್ಲ. ಹೋದವರ ಮೇಲೆ ಒಂದು ಸಣ್ಣ ಸುಳ್ಳು ಹೊರಿಸಿದರೆ ಇಷ್ಟೆಲ್ಲ ತಪ್ಪುತ್ತದೆ. ಅವರೇನು ಎದ್ದು ಬಂದು ಅಲ್ಲ ಅನ್ನುತ್ತಾರೆಯೇ?

"ಅಷ್ಟು ಮಂದಿ ಮೊಬೈಲ್ ಹಿಡಕೊಂಡು ನಿಂತಿದ್ರಲ್ಲ, ಯಾರ ಹತ್ರನೂ ವಿಡಿಯೋ ಇಲ್ಲೇನು?"

"ಇದ್ದವ್ರು ಅಳಿಸ್ಯಾರ."

ನಾನು ಬೈದೆ. ಬಾಯಿಗೆ ಬಂದಂತೆ ಬೈದೆ. ತಲೆ ತಗ್ಗಿಸಿ ಕೇಳಿಸಿಕೊಂಡ. ಅನ್ನ ಮುಟ್ಟಿಲ್ಲ ಎಂದಳು ಅಂಗಡಿಯ ಹಿಂದಿನ ಮನೆಯಿಂದ ಬಂದ ಅವನ ಹೆಂಡತಿ. ಹಿತ್ತಲಲ್ಲಿ ಗುಂಡ್ಯಾ ಮೆಲುಕು ಹಾಕುತ್ತಾ ನಿಂತಿತ್ತು. ಅದರದೇನು ತಪ್ಪು? ಬೆದರಿಸಿದರು, ಬೆದರಿತು. ನನ್ನ ತಮ್ಮ ಕೆಟ್ಟವನಲ್ಲ. ಈ ಮಾತನ್ನು ಬರೆಯುವಾಗ ನನಗೇ ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಅವನು ಕೆಟ್ಟವನಾಗಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು.

ಕಳೆದ ವಾರ ನಮ್ಮ ಮನೆಯ ಬಾಗಿಲಲ್ಲಿ ಒಬ್ಬ ಹೆಣ್ಣುಮಗಳು ನಿಂತಿದ್ದಳು. ಹೋದವರ ಹೆಂಡತಿ. ರಾಣೆಬೆನ್ನೂರಿನ ಸಂತೆಗೆ ಬಂದವಳು ಕಾಲೇಜಿನಲ್ಲಿ ಕೇಳಿಕೊಂಡು ಮನೆ ಹುಡುಕಿದ್ದಳು. ನಾನು ಆ ಹೋರಿಯವನ ಅಕ್ಕ ಎಂದು ಅವಳಿಗೆ ಗೊತ್ತಿತ್ತು. ಬೈಯಲು ಬಂದಿರಬೇಕು ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

"ಕುಂದ್ರಿ" ಅಂದೆ. ಕುಳಿತಳು. ಚಹಾ ಬೇಡ ಅಂದಳು. ನೀರು ಕುಡಿದು ಲೋಟ ಕೆಳಗಿಟ್ಟಳು.

"ಅಕ್ಕಾರ, ನನ್ನ ಮಗಳು ಸಾಲಿಯಿಂದ ಅಳಕೋತ ಬಂದ್ಲರಿ. ನಿಮ್ಮಪ್ಪಗ ಈ ವಯಸ್ಸಿನ್ಯಾಗ ಹೋರಿ ಹಿಡಿಯೂ ಹುಚ್ಚ ಯಾಕ ಬೇಕಾಗಿತ್ತು ಅಂತ ಕೇಳಿದ್ರಂತ. ಈಗ ನಮ್ಮ ಅತ್ತೀನೂ ಹಂಗಽ ಅಂತಾಳ. ಹೆತ್ತಾಕಿನಽ ನಂಬ್ಯಾಳ್ರಿ! ಅವ್ರು ಹೋರಿ ಮುಂದ ಒಂದ ದಿನ ನಿಂತವ್ರಲ್ಲ. ಅಂಜುಬುರುಕ ಮನಷ್ಯಾ. ಓಟ ಇದ್ದ ದಿನ ಮನಿ ಬಿಟ್ಟು ಹೊರಗ ಬರತಿದ್ದಿಲ್ಲ."

"ಮತ್ತ ಅವತ್ತು?"

"ನಾನಽ ಕಳಿಸಿದ್ನಿರಿ." ಸೆರಗಿನ ತುದಿ ಬಾಯಿಗೆ ಒತ್ತಿಕೊಂಡಳು. "ಹೋರಿ ನೋಡಾಕ ಬೀಗರು ಬಂದಿದ್ರು. ರೊಟ್ಟಿಗೆ ಹಿಟ್ಟ ಕಡಿಮಿ ಬಿತ್ತು. ಲಗೂ ಹೋಗಿ ಗಿರಣ್ಯಾಗಿನ ಡಬ್ಬಿ ತರ್ರಿ ಅಂದೆ. ಅವ್ರು ಒಲ್ಲೆ ಅಂದ್ರು. ಓಣಿ ಮುಚ್ಚತೇವಿ ಅಂತ ನಿನ್ನಿ ಮೈಕಿನ್ಯಾಗ ಒದರ್ಯಾರಲ್ಲ, ಏನೂ ಆಗೂದಿಲ್ಲ ಹೋಗ್ರಿ ಅಂದೆ. ನಾ ಅದನ್ನ ನಂಬಿದ್ದೆರಿ."

ಕಾಗದ ಕೊಟ್ಟವರು ನಂಬಿರಲಿಲ್ಲ. ಸಹಿ ಹಾಕಿದವರು ನಂಬಿರಲಿಲ್ಲ. ಬಂದೋಬಸ್ತಿಗೆ ನಿಂತವರು ನಂಬಿರಲಿಲ್ಲ. ಅಷ್ಟು ದೊಡ್ಡ ಊರಲ್ಲಿ ಸರ್ಕಾರದ ಷರತ್ತನ್ನು ನಿಜವೆಂದು ನಂಬಿದವಳು ರೊಟ್ಟಿ ಬಡಿಯುತ್ತಿದ್ದ ಇವಳೊಬ್ಬಳೇ. ಸರ್ಕಾರಕ್ಕೆ ನಮ್ಮ ಮೇಲೆ ನಂಬಿಕೆ ಇಲ್ಲ ಎಂದು ಹಾವೇರಿಯಲ್ಲಿ ಎಷ್ಟೊಂದು ಕೂಗಾಡಿದರಲ್ಲ? ಇವಳ ನಂಬಿಕೆಯ ಬಗ್ಗೆ ಯಾರಾದರೂ ಒಂದು ಮನವಿ ಕೊಡುತ್ತಾರೇನು?

"ನನಗೇನೂ ಕೊಡೂದು ಬ್ಯಾಡರಿ," ಅಂದಳು. "ನೀವು ಪೇಪರಿನ್ಯಾಗ ಬರೀತೀರಂತ. ಅವ್ರು ಹಿಟ್ಟ ತರಾಕ ಹೋಗಿದ್ರು, ಹೋರಿ ಹಿಡಿಯಾಕ ಹೋಗಿದ್ದಿಲ್ಲ ಅಂತ ಒಂದ ಸಾಲು ಬರೀರಿ. ನನ್ನ ಮಗಳು ಕತ್ತರಿಸಿ ಇಟ್ಕೊಂತಾಳ. ಕೇಳಿದವ್ರಿಗೆ ತೋರಸ್ತಾಳ."

"ಹಂಗ ಬರದ್ರ ಮಂದಿ ನಿನಗಽ ಅಂತಾರವ್ವಾ. ಕಳಿಸಿದಾಕಿ ನೀನಽ ಅಂತಾರ."

"ಅನ್ನಲಿ ಬಿಡ್ರಿ. ಅದು ಖರೇ ಐತಲ್ಲ?"

ಹಾವೇರಿಯಲ್ಲಿ, ಬ್ಯಾಡಗಿಯಲ್ಲಿ ಅಷ್ಟೊಂದು ಜನರ ಅಷ್ಟೊಂದು ಅಭಿಪ್ರಾಯ ಕೇಳಿದ್ದೆ. ಸಂಪ್ರದಾಯ, ಕಾನೂನು, ಸರ್ಕಾರ, ಎಲ್ಲ ಬಂದಿತ್ತು. ಖರೇ ಎಂಬ ಮಾತು ಯಾರ ಬಾಯಲ್ಲೂ ಬಂದಿರಲಿಲ್ಲ. ಬರೆಯುತ್ತೇನೆ ಎಂದು ಮಾತು ಕೊಟ್ಟೆ. ಅವಳು ತನ್ನ ಫೋನ್ ನಂಬರ್ ಹೇಳಿ, ಬಸ್ಸಿಗೆ ಹೊತ್ತಾಯಿತೆಂದು ಎದ್ದಳು.

ತಮ್ಮನಿಗೆ ಫೋನ್ ಮಾಡಿ ಹೇಳಿದೆ. "ಬರಿ ಅಕ್ಕಾ," ಅಂದ. ಆಮೇಲೆ, "ನನ್ನ ಒಳಗ ಹಾಕಿದ್ರ ಹಾಕಲಿ. ಗುಂಡ್ಯಾನ್ನ ಯಾರು ನೋಡಕೋತಾರ?" ಎಂದು ಸಣ್ಣ ಹುಡುಗನಂತೆ ಅತ್ತ.

ಆ ಅಳು ಕಿವಿಯಲ್ಲಿ ಇಟ್ಟುಕೊಂಡು ಬರೆಯಲು ಕುಳಿತೆ. ಎಲ್ಲವನ್ನೂ ಬರೆದೆ. ಆಮೇಲೆ ಒಂದೊಂದೇ ತೆಗೆಯುತ್ತಾ ಬಂದೆ. ಹೋರಿಯ ಬಿರುದು ತೆಗೆದೆ. ಮನುಷ್ಯರ ಹೆಸರೆಲ್ಲ ತೆಗೆದೆ. ಊರಿನ ಹೆಸರು ತೆಗೆದೆ, ಹಲಗೇರಿ ಆಚೆ ಊರುಗಳೇನು ಕಮ್ಮಿಯೇ? ಅಂಗಡಿಯನ್ನು ಟೈರಿನದು ಮಾಡಿದೆ. ತಮ್ಮ ಅಂದರೆ ಒಡಹುಟ್ಟಿದವನೇ ಆಗಬೇಕೆಂದಿಲ್ಲ, ನಮ್ಮ ಕಡೆ ಚಿಕ್ಕಪ್ಪನ ಮಗನೂ ತಮ್ಮನೇ, ಎಂದು ಸಮಾಧಾನ ಮಾಡಿಕೊಂಡೆ. ಅವಳು ಕೇಳಿದ ಸಾಲನ್ನು ಮಾತ್ರ ಮುಟ್ಟಲಿಲ್ಲ. ಅವರು ಹಿಟ್ಟು ತರಲು ಹೋಗಿದ್ದರು, ಹೋರಿ ಹಿಡಿಯಲು ಹೋಗಿರಲಿಲ್ಲ.

ಪತ್ರಿಕೆಗೆ ಕಳಿಸುವ ಮೊದಲು ಅವಳಿಗೆ ಫೋನ್ ಮಾಡಿ ಇಷ್ಟನ್ನೂ ಓದಿ ಹೇಳಿದೆ. ಹಿಂದಿನಿಂದ ಮಗಳು ಏನೋ ಕೇಳುತ್ತಿದ್ದದ್ದು ಕಿವಿಗೆ ಬಿತ್ತು. ಓದಿ ಮುಗಿಸಿ ಕಾದೆ.

"ಚೊಲೊ ಬರದೀರಿ ಅಕ್ಕಾರ," ಅಂದಳು. "ಆದ್ರ ಇದು ಯಾರ ಗಂಡನ ಸುದ್ದಿರಿ?"